ಇಲ್ಲದಿದ್ದರೆ ‘ಯೋಗ್ಯ’

ಆಪಾ ಅವರ ಬಲಗೈ ಬೆರಳ ತುದಿಗಳು ಸದಾ ಕಪ್ಪು. ನೀರಿನ ಉಪ್ಪಿನಂಶ ಅಳೆಯುವ ಔಷಧಿ ತಾಗಿ ತಾಗಿ ಹತ್ತಿದ ಕಲೆ ಅದು, ಸೋಪಿಗೂ ಬಗ್ಗದು, ನಿಂಬೆಹಣ್ಣಿಗೂ ಬಗ್ಗದು. ವರ್ಷವಿಡೀ ಓಟು ಹಾಕಿ ಬಂದವರ ಹಾಗೆ ಕಾಣುತ್ತಿದ್ದರು. ಆ ಬೆರಳಿನಿಂದಲೇ ಕಂಪ್ಯೂಟರಿನ ಪರದೆ ತಟ್ಟಿ ನನ್ನ ಮಾನ ಕಳೆದರು. ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಸ್ವಂತ ಬುದ್ಧಿಯಿಂದ ಮಾಡಿದ್ದು. ಬುದ್ಧಿ ಅನ್ನುವ ಮಾತು ಇಲ್ಲಿ ಸ್ವಲ್ಪ ಹೆಚ್ಚಾಯಿತು.

ರಾಯಚೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಅವರು ನೀರು ಪರೀಕ್ಷೆ ಮಾಡುತ್ತಿದ್ದರು. ಅವರು ಕೊಟ್ಟ ಅಂಕಿಗಳನ್ನು ನಾನು ಕಂಪ್ಯೂಟರಿಗೆ ಏರಿಸುತ್ತಿದ್ದೆ. ಮನೆಯಲ್ಲಿ ಅವರದು ದಖನಿ ಉರ್ದು, ನಮ್ಮೊಂದಿಗೆ ಕನ್ನಡ. ಆಫೀಸಿಗೆಲ್ಲ ಅವರು ಅಕ್ಕ, ಅಂದರೆ ಆಪಾ. ನಾನೋ ಕೆಲಸಕ್ಕಿಂತ ಅಣಕ ಹೆಚ್ಚು ಮಾಡುವವನು. ಅವರು ಫೋನಿನಲ್ಲಿ ‘ಹೌ ಅಮ್ಮೀ, ಹೌ’ ಅನ್ನುತ್ತಲೇ ನನ್ನತ್ತ ಕಣ್ಣು ಕೆಕ್ಕರಿಸುವುದನ್ನು ಮಾಡಿ ತೋರಿಸಿ ಚಹಾ ಗಿಟ್ಟಿಸುತ್ತಿದ್ದೆ. ಒಮ್ಮೆ ಅವರ ಬೆನ್ನ ಹಿಂದೆಯೇ ಅವರ ದನಿ ತೆಗೆದಾಗ, ತಿರುಗಿಯೂ ನೋಡದೆ ಹೇಳಿದರು: “ದನಿ ಬಂತು ಬೇಟಾ. ಅಕ್ಕಲ್ ಯಾವಾಗ ಬರ್ತದ?”

ದೇವದುರ್ಗ, ಮಾನ್ವಿ ಕಡೆಯ ಬೋರ್‌ವೆಲ್ ನೀರು ಬಾಟಲಿಗಳಲ್ಲಿ ಬಸ್ಸೇರಿ ಬರುತ್ತಿತ್ತು. ಮುಚ್ಚಳ ಸಡಿಲಾಗಿದ್ದರೆ ಆಪಾ “ನಕ್ಕೋ, ಬ್ಯಾಡ” ಎಂದು ವಾಪಸ್ ಕಳಿಸುತ್ತಿದ್ದರು. ಹಿರೇಕೊಟ್ನೆಕಲ್ಲಿನಿಂದ ಅಂಥ ಬಾಟಲಿ ತಂದ ಕಂಡಕ್ಟರ್ ಒಬ್ಬ, “ನೀರು ನೀರೇ ಅಲ್ಲೇನ್ರೀ ಆಪಾ?” ಅಂದ. ಆಪಾ, “ಟಿಕೆಟ್ಟೂ ಟಿಕೆಟ್ಟೇ ಅಲ್ಲೇನು? ನಿನ್ನಿ ಟಿಕೆಟ್ ಇವತ್ತು ತೋರಿಸಿದ್ರ ಬಿಡ್ತಿ?” ಅಂದರು. ಅವನು ಮರುದಿನ ಬೇರೆ ಬಾಟಲಿ ತಂದ.

ಯಾವ ಊರಿನ ಶಾಲೆಗೆ ಶುದ್ಧ ನೀರಿನ ಯಂತ್ರ ಕೊಡಬೇಕೆಂದು ಸಂಸ್ಥೆ ಗೊತ್ತುಮಾಡಬೇಕಿತ್ತು. ಫ್ಲೋರೈಡ್, ನೈಟ್ರೇಟ್, ಉಪ್ಪಿನಂಶ, ಈ ಮೂರು ಕಾಲಂ ನೋಡಿ ನಾಲ್ಕನೆಯದರಲ್ಲಿ ನೀರು ‘ಯೋಗ್ಯ’ವೋ ‘ಅಯೋಗ್ಯ’ವೋ ತಾನೇ ಬರುವಂತೆ ಮಾಡು ಎಂದು ಮುಖ್ಯಸ್ಥ ಸಾಹೇಬರು ನನಗೆ ಹೇಳಿದರು. ನಾನು ಷರತ್ತು ಬರೆದೆ: ಮೂರರಲ್ಲಿ ಯಾವುದು ಮಿತಿ ಮೀರಿದರೂ ಅಯೋಗ್ಯ, ಇಲ್ಲದಿದ್ದರೆ ಯೋಗ್ಯ. ಕಂಪ್ಯೂಟರ್ ಅದನ್ನು ಓಡಿಸಿತು, ಯೋಗ್ಯ ಊರುಗಳ ಹಸಿರು ಜಿಲ್ಲೆಯ ನಕಾಶೆ ತುಂಬಿತು, ಸಾಹೇಬರು ನನ್ನ ಬೆನ್ನು ತಟ್ಟಿದರು. ಆ ಬೆನ್ನಿನ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

ಜಾಲಹಳ್ಳಿ ಆಚೆಯ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿದರು. “ನಮ್ಮ ಸಾಲಿ ನೀರು ಯೋಗ್ಯ ಅಂತ ಬರದೀರಿ, ಯಂತ್ರ ಇಲ್ಲ ಅಂದೀರಿ. ಬಾಟ್ಲಿ ತುಂಬಾಕ ಯಾರೂ ಬಂದೇ ಇಲ್ಲಲ್ರೀ. ಹುಡುಗ್ರ ಹಲ್ಲು ಕಂದು ಆಗ್ಯಾವ, ಬಂದು ನೋಡ್ರಿ.”

“ಕಂಪ್ಯೂಟರ್ ಹಂಗ ಹೇಳೇದ್ರೀ ಮೇಡಂ,” ಅಂದೆ. ಸರ್ಕಾರಿ ಗುಮಾಸ್ತನ ದನಿಯನ್ನು ನಾನು ಯಾವತ್ತೂ ಅಷ್ಟು ಚೆನ್ನಾಗಿ ಅನುಕರಿಸಿರಲಿಲ್ಲ.

ಆಪಾ ಫೋನ್ ಕಸಿದುಕೊಂಡು, “ನಾಳಿ ಬಾಟ್ಲಿ ಕಳಿಸ್ತೀನಿ ಬಾಯೀ, ತಪ್ಪು ನಮ್ಮದು,” ಎಂದು ಇಟ್ಟು, ನನ್ನ ಕಡೆ ತಿರುಗಿದರು. “ಕಂಪ್ಯೂಟರಿಗೆ ಯಾರ್ ಹೇಳಿದ್ರು ಲೇ?”

ಪರದೆ ತಟ್ಟಿದರು. ಆ ಶಾಲೆಯ ಸಾಲಿನಲ್ಲಿ ಮೂರೂ ಕಾಲಮಿನ ಮನೆಗಳು ಖಾಲಿ. ಅಂಕಿಯೇ ಇಲ್ಲದ ಮೇಲೆ ಮಿತಿ ಮೀರುವುದೆಲ್ಲಿ? ಸಾಲು ಜಾರಿ ಜಾರಿ ಕೊನೆಯ ‘ಇಲ್ಲದಿದ್ದರೆ’ಗೆ ಬಿದ್ದಿತ್ತು. ಕುರ್ಡಿಯ ಆಸುಪಾಸಿನ ಊರುಗಳದ್ದೂ ಇದೇ ಹಾಡು. ಯಾರೂ ಮೂಸಿಯೂ ನೋಡದ ನೀರೆಲ್ಲ ನನ್ನ ಕೈಯಲ್ಲಿ ತೀರ್ಥವಾಗಿತ್ತು.

“ಒಂದು ಮಿತಿ ಮೀರಿದ್ರೂ ಅಯೋಗ್ಯ, ಉಳಿದದ್ದು ಖಾಲಿ ಇದ್ರೂ. ಅದು ಮೊದಲ. ಆಮ್ಯಾಲ, ಯಾವ್ದರ ಖಾಲಿ ಇದ್ರ ‘ಪರೀಕ್ಷೆ ಆಗಿಲ್ಲ’. ಮೂರೂ ತುಂಬಿ ಮೂರೂ ಮಿತಿಯೊಳಗ ಇದ್ರ ಮಾತ್ರ ಯೋಗ್ಯ. ಹಂಗ ಬರಿ,” ಅಂದರು ಆಪಾ.

ಬರೆದೆ. ನಕಾಶೆಯ ಅರ್ಧ ಹಸಿರು ಬೂದು ಬಣ್ಣಕ್ಕೆ ತಿರುಗಿತು. ಸಾಹೇಬರು ಇಬ್ಬರನ್ನೂ ಒಳಗೆ ಕರೆದರು. ಅವರ ಮುಖ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ನನ್ನದು ದಡ್ಡತನ. ಅವರಿಗೆ ಎಲ್ಲ ತಿಳಿದಿತ್ತು, ತಿಳಿದೇ ಕೇಳಿದರು. “ಒಬ್ಬಾಕಿ ಟೀಚರ್ ಫೋನ್ ಮಾಡಿದ್ಲಂತ ವರದೀನ ಕೆಡಿಸೋದೇನು? ಆ ಒಂದು ಸಾಲಿ ತಿದ್ರಿ. ಉಳಿದ ಖಾಲೀವು ಯೋಗ್ಯ ಅಂತನ ಇರ್ಲಿ. ಬ್ಯಾರೆ ಊರೋರು ಯಾರೂ ಬಾಯಿ ಬಿಟ್ಟಿಲ್ಲಲ್ಲ.”

ಎಲ್ಲರ ದನಿ ಬರುವವನಿಗೆ ಆಗ ತನ್ನದೇ ಬರಲಿಲ್ಲ. ಮುಂದೆ ಆ ಶಾಲೆಯ ನೀರಲ್ಲಿ ಫ್ಲೋರೈಡ್ ಮಿತಿ ಮೀರಿದ್ದು ಗೊತ್ತಾಗಿ ಯಂತ್ರ ಬಂತು, ಖಾಲಿ ಉಳಿದ ಊರುಗಳಿಗೆಲ್ಲ ಬಾಟಲಿಗಳು ಹೋದವು. ಆಪಾ ನಿವೃತ್ತರಾದ ಮೇಲೂ ನಾನು ಷರತ್ತು ಬರೆಯಲು ಕೂತರೆ ಮೊದಲು ಖಾಲಿ ಮನೆಗಳನ್ನೇ ಹುಡುಕುತ್ತೇನೆ. ಇದಕ್ಕೆಲ್ಲ ಕಾರಣ ಅವರು ಅಂದು ಸಾಹೇಬರ ಮುಂದೆ ಕುರ್ಚಿಯಿಂದ ಏಳದೆ, ದನಿ ಏರಿಸದೆ ಆಡಿದ ಮಾತು:

“ಸಾಹೇಬ್ರ, ಮಗಳನ್ನ ಕೊಡಾಕ ಹೋಗಿ, ಹುಡುಗನ ನಡತಿ ಹೆಂಗದ ಅಂತ ಓಣ್ಯಾಗ ಕೇಳ್ತೀರಿ. ಒಬ್ರೂ ಬಾಯಿ ಬಿಡಂಗಿಲ್ಲ. ಚೊಲೋ ಅದ ಅಂತ ತಿಳ್ಕೊಂಡು ಲಗ್ನ ಮಾಡ್ತೀರೇನು?”