ತೆಗೆದ ಸಾಲನ್ನು ವಾಪಸ್ ಇಟ್ಟ ಆಲಿಯಾ

ಬೆಳಗಿನ ಆರು ಗಂಟೆ. ಮಳವಳ್ಳಿಯಿಂದ ಮೊದಲ ಬಸ್ಸು ಹಿಡಿದು ಬಂದ ಆಲಿಯಾ, ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ ಬೋರಲು ಹಾಕಿದ ಕ್ಯಾನಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದಾರೆ. ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಹಾಲು ಸುರಿದು, ಗೋಡೆಯ ಮೇಲೆ ಮೂಡುವ ತೂಕದ ಕೆಂಪು ಅಂಕಿ ನೋಡಿಕೊಂಡು ಮುಂದೆ ಸರಿಯುತ್ತಾರೆ. ಹತ್ತು ಜನಕ್ಕೊಬ್ಬರನ್ನು ಆಲಿಯಾ ನಿಲ್ಲಿಸಿ, ಅವರ ಹಾಲನ್ನು ಪಕ್ಕದ ಹಳೇ ಮುಳ್ಳಿನ ತಕ್ಕಡಿಯಲ್ಲೂ ತೂಗಿಸುತ್ತಾರೆ. ಕಂಪ್ಯೂಟರ್ ಓದಿದವರಿಗೆ ಈ ತಕ್ಕಡಿಯ ಹಂಗೇಕೆ ಎಂದರೆ ನಗುತ್ತಾರೆ. "ಮೇಜಿನ ಮ್ಯಾಲೆ ಸರಿಯಾಗೇ ಅದೆ ಅಂತ ನಂಬಿ ಒಂದ್ಸಲ ಕೆಟ್ಟಿವ್ನಿ ಸಾರ್. ಈಗ ಬಂದು ಕಣ್ಣಲ್ಲೇ ನೋಡ್ಬೇಕು."

ಮೂವತ್ತಾರರ ಆಲಿಯಾ ಮಳವಳ್ಳಿಯಲ್ಲಿ ಪಂಪ್‌ಸೆಟ್ ಮೋಟರ್ ಕಟ್ಟುವ ಇಸಾಕ್ ಅವರ ಮಗಳು. ಓದಿದ್ದು ಡಿಪ್ಲೊಮಾ. ಹಾಲು ತೂಗುವ ಪೆಟ್ಟಿಗೆ ತಯಾರಿಸುವ ಮದ್ದೂರಿನ ಪುಟ್ಟ ಕಂಪನಿಯಲ್ಲಿ ಹನ್ನೆರಡು ವರ್ಷದಿಂದ ಕೆಲಸ. ಪೆಟ್ಟಿಗೆಯೊಳಗಿನ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಅದನ್ನು ಮುಟ್ಟುವ ಧೈರ್ಯ ಆ ಕಂಪನಿಯಲ್ಲಿ ಇವರೊಬ್ಬರಿಗೇ. ಇನ್ನೂರ ಹನ್ನೆರಡು ಡೇರಿಗಳಲ್ಲಿ ದಿನಾ ಬೆಳಗ್ಗೆ ಸುಮಾರು ಇಪ್ಪತ್ತು ಸಾವಿರ ಜನ ಇವರು ಬರೆದ ಕೋಡಿನ ಸಾಲುಗಳನ್ನು ನಂಬಿ ಹಾಲು ಸುರಿಯುತ್ತಾರೆ. ಮದುವೆ ಮನೆಯಲ್ಲಿ ನೆಂಟರು ಮಾತ್ರ ಇವತ್ತಿಗೂ "ಟೈಪಿಂಗಾ ಮಾಡದು?" ಎಂದೇ ಕೇಳುತ್ತಾರೆ.

ಆಲಿಯಾ ಕೆಟ್ಟ ಕಥೆ ಇದೇ ಡೇರಿಯದು. ಹೋದ ವರ್ಷ ಇಲ್ಲಿ ಮುದ್ದಮ್ಮ ಎಂಬುವರು ಒಂಬತ್ತು ಲೀಟರ್ ಸುರಿದರೆ ಗೋಡೆಯ ಮೇಲೆ ಮೂರೂವರೆ ಬಂತು. ಅವರಿಗಿಂತ ಮುಂಚೆ ಸುರಿದಿದ್ದು ಕಾರ್ಯದರ್ಶಿ ಮರಿಸಿದ್ದಯ್ಯನವರ ತಮ್ಮನ ಹೆಂಡತಿ. ಸರಿ, ಮಿಕ್ಕ ಹಾಲು ಕಾರ್ಯದರ್ಶಿಯ ಮನೆ ಸೇರಿತು ಎಂದು ಊರು ತೀರ್ಮಾನಿಸಿಬಿಟ್ಟಿತು. ವಾರದೊಳಗೆ ಇನ್ನಿಬ್ಬರಿಗೆ ಹಾಗೇ ಆಯಿತು. ಇಪ್ಪತ್ತೆರಡು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ ದುಡಿದ ಮರಿಸಿದ್ದಯ್ಯ, ಡೇರಿಯ ಬೀಗದ ಕೈಯನ್ನು ಅಧ್ಯಕ್ಷರ ಕೈಗಿಟ್ಟು ಮನೆ ಸೇರಿದರು.

ದೂರು ಕಂಪನಿಗೆ ಹೋಗಿ, ಆಲಿಯಾ ಬಂದು ತಪ್ಪು ಮತ್ತೆ ಬರಲೆಂದು ಹನ್ನೊಂದು ಬೆಳಗು ಕಾದರು. ಒಳಗೆ ಏನು ನಡೆಯುತ್ತಿದೆ ಎಂದು ಹಂತಹಂತಕ್ಕೂ ಬರೆದು ತೋರಿಸುವ ಸಾಲು ಸೇರಿಸಿದರೆ ತಪ್ಪೇ ಆಗದು. ತೆಗೆದರೆ ಮತ್ತೆ ಹಾಜರು. ಬರೆಯುವ ಕೆಲಸದಿಂದ ಯಂತ್ರ ಒಂದು ಚೂರು ನಿಧಾನವಾಗುತ್ತಿತ್ತು, ಅಷ್ಟರಲ್ಲಿ ತಪ್ಪು ತಲೆಮರೆಸಿಕೊಳ್ಳುತ್ತಿತ್ತು. ಅಲ್ಲಿಗೆ ಇವರಿಗೆ ಹೊಳೆಯಿತು, ಇದು ಕ್ರಮದ ಗಲಾಟೆ.

ಪ್ರೊಸೆಸರ್‌ನೊಳಗೆ ಕೋರ್ ಎಂಬ ಕೆಲಸಗಾರರು ನಾಲ್ವರು. ಒಬ್ಬ ತೂಕ ಬರೆದಿಟ್ಟು "ಸಿದ್ಧ" ಎಂಬ ಗುರುತು ಹಾಕಬೇಕು, ಇನ್ನೊಬ್ಬ ಗುರುತು ಕಂಡ ಮೇಲೆ ತೂಕ ಓದಬೇಕು. ಆದರೆ ವೇಗದ ಆಸೆಗೆ ಪ್ರೊಸೆಸರ್ ಹಿಂದುಮುಂದು ಮಾಡುತ್ತದೆ. ಒಮ್ಮೊಮ್ಮೆ ತೂಕಕ್ಕಿಂತ ಗುರುತೇ ಮೊದಲು ಕಾಣುತ್ತದೆ. "ಎಲೆ ಬದಲಾಯ್ಸೋ ಮುಂಚೇನೇ ಪಂಕ್ತಿಗೆ ಕರ್ದಂಗೆ ಸಾರ್. ಬಂದೋರು ಹಿಂದ್ಲೋರ ಎಂಜಲೆಲೆ ಮುಂದೆ ಕೂತ್ಕತಾರೆ," ಎನ್ನುತ್ತಾರೆ ಆಲಿಯಾ. ಮುದ್ದಮ್ಮನ ಹೆಸರಿಗೆ ಬಂದ ಮೂರೂವರೆ, ಅವರಿಗಿಂತ ಮುಂಚೆ ಸುರಿದವರ ಅಂಕಿ. ಇದು ಮುಗಿಯದೆ ಅದು ಕೂಡದು ಎಂದು ಪ್ರೊಸೆಸರ್‌ಗೆ ಕಟ್ಟುಮಾಡುವ ಸಾಲಿಗೆ ಮೆಮೊರಿ ಬ್ಯಾರಿಯರ್ ಎಂದು ಹೆಸರು. ಬರೆಯುವವನ ಕಡೆಗೊಂದು, ಓದುವವನ ಕಡೆಗೊಂದು, ಜೋಡಿಯಾಗಿಯೇ ಇರಬೇಕು.

ಆ ಜೋಡಿ ಮೊದಲು ಇತ್ತು. ಯಾರು ಯಾವಾಗ ಏನು ಬದಲಿಸಿದರು ಎಂಬುದೆಲ್ಲ ಕೋಡಿನ ಜೊತೆಗೇ ದಾಖಲಾಗಿರುತ್ತದೆ. ತೆಗೆದವರ ಹೆಸರು ಹುಡುಕಿದರೆ, ಸಿಕ್ಕಿದ್ದು ಆಲಿಯಾ. ಎರಡು ವರ್ಷದ ಹಿಂದೆ, ಈ ಸಾಲು ದಂಡಕ್ಕೆ ಎಂದುಕೊಂಡು ತೆಗೆದು ಆಫೀಸಿನ ಕಂಪ್ಯೂಟರಿನಲ್ಲಿ ಹತ್ತು ಸಾವಿರ ಸಲ ಓಡಿಸಿದ್ದರು. ಒಂದೂ ತಪ್ಪಿರಲಿಲ್ಲ. ಆ ಕಂಪ್ಯೂಟರಿನ ಪ್ರೊಸೆಸರ್ ಬರೆದ ಕ್ರಮವನ್ನು ತಾನಾಗಿಯೇ ಕಾಯುವ ಜಾತಿಯದು. ಪೆಟ್ಟಿಗೆಯೊಳಗಿನ ಚಿಪ್ಪು ಹಾಗಲ್ಲ.

ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಸದ್ದಿಲ್ಲದೆ ಹಾಕಿ ಬಂದುಬಿಡಿ, ಯಂತ್ರ ರಿಪೇರಿಯಾಯಿತು ಎಂದರಾಯಿತು ಎಂದರು ಕಂಪನಿಯ ಮಾಲೀಕರು. ಆ ಉಪಾಯ ಆಲಿಯಾಗೆ ಗಂಟಲಲ್ಲಿ ಇಳಿಯಲಿಲ್ಲ. ಡೇರಿಯ ಸಭೆ ಕರೆಸಿ, ಎದ್ದು ನಿಂತರು. "ತೆಪ್ಪು ನಂದು. ಸೆಕ್ರೆಟ್ರಿಯವರು ಒಂದು ತೊಟ್ಟು ಮುಟ್ಟಿಲ್ಲ," ಎಂದರು. ಗುಟ್ಟಾಗಿ ಮುಗಿಸಬಹುದಾಗಿದ್ದನ್ನು ನೂರು ಜನರೆದುರು ಒಪ್ಪಿಕೊಂಡ ಈ ಹೆಣ್ಣುಮಗಳ ಎದೆಗಾರಿಕೆಗೆ ತಲೆಬಾಗಲೇಬೇಕು.

ಸಭೆಯಲ್ಲಿ ಮೊದಲು ಬಾಯಿಬಿಟ್ಟವರು ಮುದ್ದಮ್ಮನೇ. "ಬಾಯ್ಗ್ ಬಂದಂಗೆ ಅಂದ್ಬುಟ್ಟೆ ಕಣಪ್ಪ ಮರಿಸಿದ್ದಯ್ಯ, ಮನಸಲ್ಲಿ ಇಟ್ಕಬ್ಯಾಡ. ನಾಳಿಕ್ಕೆ ನೀನೇ ಬಾಗ್ಲು ತಗೀಬೇಕು." ಮರಿಸಿದ್ದಯ್ಯ ಟವೆಲಿನಲ್ಲಿ ಮುಖ ಒರೆಸಿಕೊಂಡು, ಅಧ್ಯಕ್ಷರಿಂದ ಬೀಗದ ಕೈ ತೆಗೆದುಕೊಂಡರು. ಮಾರನೆಯ ಬೆಳಗ್ಗೆ ಐದೂವರೆಗೆ ಡೇರಿ ತೆರೆದಿತ್ತು.

ಪತ್ರಿಕೆಗೆ ಫೋಟೋ ಬೇಕೆಂದರೆ ಆಲಿಯಾ ಒಪ್ಪುವುದಿಲ್ಲ. ಬೇರೇನಾದರೂ ಆಸೆ ಇದೆಯೇ ಎಂದರೆ, ಲ್ಯಾಪ್‌ಟಾಪ್ ಮುಚ್ಚುತ್ತಾರೆ. "ನಾನು ನಿಜ ಏಳಿದ್ದು ಈ ಒಂದೂರಲ್ಲಿ ಸಾರ್. ಸೆಕ್ರೆಟ್ರಿ ಕದ್ದ ಅನ್ನೋ ಮಾತು ಹನಕೆರೆ ಕಡೆ ಅವರ ಮಗಳ ಅತ್ತೆ ಮನೆಗಂಟ ಓಗ್ಬುಟ್ಟದೆ. ಅಲ್ಲೆಲ್ಲ ನಂಗೆ ಓಗಕ್ಕಾಗಕಿಲ್ಲ, ಪೇಪರು ಓಯ್ತದೆ. ನನ್ ಎಸ್ರು ಸಣ್ದಾಗಿದ್ರೂವೆ ಸರಿ, ಅವರು ಕದ್ದಿಲ್ಲ ಅನ್ನೋದ್ನ ದಪ್ಪಕ್ಸರದಲ್ಲಿ ಬರ್ಕೊಡಿ."