ಚೊಕ್ಕ ಮಾಡಿದ ಆಲ್ಬಮ್

ನಮ್ಮ ಕ್ಯಾಸೆಟ್ ಅಂಗಡಿಗೆ ಕೊಂಕುರಾಯ ಕಾಲಿಟ್ಟರೆ ಉಳಿದ ಗಿರಾಕಿಗಳು ಬಾಗಿಲ ಕಡೆ ನೋಡುತ್ತಾರೆ. ಆಸಾಮಿ ಕೊಳ್ಳುವುದು ಸೊನ್ನೆ, ಆಡುವ ಕೊಂಕು ಮಾತ್ರ ಮಣಗಟ್ಟಲೆ. ಹಳೆಯ ರಾಕ್ ತಂಡವೊಂದರ ಲೈವ್ ಆಲ್ಬಮ್ಮನ್ನು ಕಂಪನಿಯವರು ಗದ್ದಲ ತೆಗೆದು ಚೊಕ್ಕ ಮಾಡಿ ಮತ್ತೆ ಹೊರತಂದ ಮೇಲಂತೂ ಅವನ ನಾಲಿಗೆಗೆ ಸಾಣೆ ಹಿಡಿದಂತಾಗಿದೆ. ಕಾಲೇಜು ಹುಡುಗಿಯೊಬ್ಬಳು, "ಈಗ ಗಿಟಾರಿನ ಒಂದೊಂದು ತಂತಿಯೂ ಕೇಳ್ಸತ್ತೆ" ಎಂದರೆ, "ಹೌದಮ್ಮಾ, ಹೆಣಕ್ಕೆ ಸ್ನಾನ ಮಾಡ್ಸಿದಾರೆ" ಎನ್ನುತ್ತಾನೆ. ಬ್ಯಾಂಕಿನ ಗುಮಾಸ್ತರು ಡ್ರಮ್ಮನ್ನು ಹೊಗಳಿದರೆ, "ನಿಮ್ಮನೇಲಿ ಪಾತ್ರೆ ತೊಳೆಯೋವಾಗ್ಲೂ ಇದೇ ಸದ್ದು ಬರತ್ತಲ್ಲ ಸಾರ್" ಎಂದು ಅವರ ಬಾಯಿಗೂ ಬೀಗ. ಯಾರು ಏನೇ ಹೇಳಲಿ, ಕೊನೆಗೆ ಅದೇ ಪಲ್ಲವಿ: "ಅವರು ಇದನ್ನ ಹಾಡಿದ ದಿನ ನಾನು ಅಲ್ಲೇ ಇದ್ದೆ ಕಣ್ರೀ." ನಿನ್ನೆ ನನಗೂ ರೋಸಿಹೋಯಿತು. "ಅಷ್ಟಕ್ಕೂ ಏನ್ ತೆಗೆದಿದಾರೆ ಮಹರಾಯ? ಜನರ ಗಲಾಟೆ ತಾನೆ?" ಎಂದು ರೇಗಿದೆ. ಅವನು ಅದೇ ಆಲ್ಬಮ್ಮಿನ ಹಳೆಯ ಕ್ಯಾಸೆಟ್ಟನ್ನು ತಾನೇ ಹಾಕಿದ. ಎರಡನೆಯ ಹಾಡು ಮುಗಿದ ಮೇಲೆ, ಗುಂಪಿನ ನಡುವಿನಿಂದ ಯಾರೋ ಉದ್ದಕ್ಕೆ ಸೀಟಿ ಹೊಡೆದದ್ದು ಕೇಳಿಸಿತು. "ನನ್ನ ತಮ್ಮ. ನನ್ನ ಹೆಗಲೇರಿ ಕೂತಿದ್ದ. ಅದೇ ವರ್ಷ ಹೋಗ್ಬಿಟ್ಟ. ಅವನದು ಅಂತ ಉಳಿದಿದ್ದ ದನಿ ಇದೊಂದೇ. ಅದನ್ನ ಕಸ ಅಂತ ಗುಡಿಸಿ ಹಾಕಿದಾರೆ. ನೀವೆಲ್ಲ ಸೇರಿ ಚೊಕ್ಕವಾಗಿದೆ ಅಂತ ಚಪ್ಪಾಳೆ ಹೊಡೀತೀರಿ."