ಹೊಸ್ತಿಲು ಒಡೆದ ಶುಕ್ರವಾರ

ಪುಟ್ಟಿ, ಚಿನ್ನು,

ಮೊನ್ನೆ ನೀವಿಬ್ಬರೂ ಬಾಗಿಲಲ್ಲಿ ಕೂತು, "ಎಲ್ಲರ ಮನೆಗೂ ಹೊಸ್ತಿಲು ಇದೆ, ನಮ್ಮನೆಗೆ ಯಾಕಜ್ಜಿ ಹಲಗೆ?" ಎಂದು ಕೇಳಿದಿರಿ. ನಾನು ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದೆ. ಹಾಲು ಇರಲಿಲ್ಲ. ಎದುರಿಗೆ ಕೂತು ನನ್ನ ವಿಷಯ ಹೇಳಿಕೊಳ್ಳುವುದು ನನಗೆ ಈ ವಯಸ್ಸಿನಲ್ಲೂ ಬರುವುದಿಲ್ಲ. ಊರಿನ ಶಾಲೆಯಲ್ಲಿ ಆರನೇ ಕ್ಲಾಸಿನವರೆಗೆ ಓದಿದ್ದೇನೆ, ಬರೆಯಲು ಬರುತ್ತದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ.

ವಿದ್ಯಾರಣ್ಯಪುರಂನಲ್ಲಿ ನಮ್ಮ ಬೀದಿಯೇ ತಗ್ಗು. ಬೆಟ್ಟದ ಕಡೆ ಮೋಡ ಕಪ್ಪಾಗಿ ಒಂದು ಗಂಟೆ ಮಳೆ ಹುಯ್ದರೆ ಮೇಲಿನ ಬೀದಿಗಳ ನೀರೆಲ್ಲ ನಮ್ಮ ಮನೆಗಳ ಹಿಂದಿರುವ ದೊಡ್ಡ ಮೋರಿಗೆ ಬರಬೇಕು. ಮೋರಿ ತುಂಬಿದರೆ ಬೀದಿಗೆ, ಬೀದಿ ತುಂಬಿದರೆ ಮನೆಗೆ. ನಿಮ್ಮ ತಾತ ಇದ್ದಾಗ ಇಬ್ಬರೂ ಸೇರಿ ಸಾಮಾನು ಎತ್ತಿ ಮಂಚದ ಮೇಲಿಡುತ್ತಿದ್ದೆವು. ತೊಂಬತ್ತರ ದಶಕದ ನಡುವೆ ಅವರು ಹೋದ ಮೇಲೆ ನಾನು, ನಿಮ್ಮಮ್ಮ, ಇಬ್ಬರೇ. ಆಗ ನಿಮ್ಮಮ್ಮನಿಗೆ ಹತ್ತು ವರ್ಷ. ನಾನು ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದೆ. ಇದ್ದಿಲ ಪುಡಿಗೆ ಅಂಟಿನ ಪುಡಿ ಬೆರೆಸಿ ನೀರು ಹಾಕಿ ಚಪಾತಿ ಹಿಟ್ಟಿನ ಹಾಗೆ ಕಲಸಿ, ಹಲಗೆಯ ಮೇಲೆ ಕಡ್ಡಿಗೆ ಸುತ್ತುವ ಕೆಲಸ. ಕೈ ಕಪ್ಪಾಗುತ್ತಿತ್ತು, ಊಟ ನಡೆಯುತ್ತಿತ್ತು.

ನಿಮ್ಮ ತಾತನ ಅಣ್ಣ, ನನ್ನ ಭಾವನವರು, ಜಯಲಕ್ಷ್ಮಿಪುರಂನಲ್ಲಿದ್ದರು. ಅಲ್ಲಿಗೆ ನೀರು ಬರುವುದಿಲ್ಲ. ಕೆಟ್ಟವರೇನಲ್ಲ. ಆದರೆ ತಮ್ಮ ಹೋದ ದಿನದಿಂದ ಅವರದು ಒಂದೇ ಮಾತು: ಆ ಮನೆ ಮಾರಿಬಿಡಿ, ನಮ್ಮ ಮನೆಗೆ ಬನ್ನಿ, ಅಡುಗೆಮನೆ ಪಕ್ಕದ ರೂಮು ಖಾಲಿ ಇದೆ. ಅಡುಗೆಮನೆ ಪಕ್ಕದ ರೂಮಿಗೆ ಹೋದವಳು ಅಡುಗೆಮನೆಯಿಂದ ಆಚೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಮನೆಯ ಪತ್ರ ನನ್ನ ಹೆಸರಿನಲ್ಲಿತ್ತು. ನಾನು ಬಾಯಿ ಬಿಟ್ಟು "ಆಗಲಿ" ಎನ್ನುವವರೆಗೆ ಯಾರೂ ಏನೂ ಮಾಡುವಂತಿರಲಿಲ್ಲ. ನಾನು ಬಾಯಿ ಬಿಡುತ್ತಿರಲಿಲ್ಲ.

ನಮ್ಮ ಕಡೆ ಹೆಂಗಸರು ಭಾವನ ಎದುರಿಗೆ ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಮಗುವಿನ ಕೈಲಿ ಹೇಳಿಸಬೇಕು. ಮದುವೆಯಾಗಿ ಹನ್ನೆರಡು ವರ್ಷವಾಗಿದ್ದರೂ ನನ್ನ ದನಿ ಹೇಗಿದೆ ಎಂದು ಅವರು ಸರಿಯಾಗಿ ಕೇಳಿರಲಿಲ್ಲ.

ಒಂದು ಮಳೆಗಾಲದಲ್ಲಿ ಬೀದಿಯ ನೀರು ಒಳಗೆ ಬಂದು ಒಣಗಿಸಿಟ್ಟಿದ್ದ ಊದುಬತ್ತಿಯೆಲ್ಲ ಕರಗಿಹೋಯಿತು. "ಇನ್ನೊಂದು ಮಳೆ ಬರಲಿ, ತಾನೇ ಬರ್ತಾಳೆ," ಎಂದು ಭಾವನವರು ಯಾರೊಂದಿಗೋ ಹೇಳಿದ್ದು ನನ್ನ ಕಿವಿಗೆ ಬಿತ್ತು. ಬೇಸಿಗೆ ಬರುತ್ತಲೇ ಪಕ್ಕದ ಮನೆ ಅಕ್ಕನ ಯಜಮಾನರನ್ನು ಕರೆದೆ. ಅವರದು ಗಾರೆ ಕೆಲಸ. ಹಳೆಯ ಮರದ ಹೊಸ್ತಿಲ ಮೇಲೆ ಇಟ್ಟಿಗೆ ಕಟ್ಟಿ, ಸಿಮೆಂಟು ಬಳಿದು, ಮಂಡಿಯೆತ್ತರ ಮಾಡಿಕೊಟ್ಟರು. ಅಕ್ಕ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದಳು. ನಾನು ಕುಂಕುಮ ಇಡುವ ಹಾಗಿರಲಿಲ್ಲವಲ್ಲ, ದೂರ ನಿಂತು ಕೈಮುಗಿದೆ. ನನ್ನದು ನೋಡಿ ಎದುರು ಮನೆಯವರು ಇನ್ನೊಂದು ಇಟ್ಟಿಗೆ ಎತ್ತರ ಕಟ್ಟಿಸಿದರು. ಅವರದು ನೋಡಿ ಮೂಲೆ ಮನೆಯವರು ಇನ್ನೂ ಎತ್ತರ. ಮುದುಕರು ಒಳಗೆ ಹೋಗಬೇಕಾದರೆ ಕುರಿದೊಡ್ಡಿ ಹತ್ತಿದ ಹಾಗೆ ಹತ್ತಬೇಕು. ನಾವೆಲ್ಲ ಬಹಳ ಜಾಣರು ಎಂದುಕೊಂಡಿದ್ದೆವು.

ಆ ವರ್ಷ ದೀಪಾವಳಿಗೆ ಇನ್ನೂ ಎರಡು ವಾರ ಇತ್ತು. ಶುಕ್ರವಾರ ಮಧ್ಯಾಹ್ನ. ಶನಿವಾರ ಮಾಲು ಒಪ್ಪಿಸಬೇಕು ಎಂದು ದೊಡ್ಡ ಬೇಸಿನ್ ತುಂಬ ಹಿಟ್ಟು ಕಲಸಿ, ಒಣಗದಿರಲಿ ಎಂದು ಒದ್ದೆ ಬಟ್ಟೆ ಮುಚ್ಚಿ, ಬಚ್ಚಲ ತಂಪಿನಲ್ಲಿ ಇಟ್ಟಿದ್ದೆ. ಬೆಟ್ಟ ಕಾಣದಷ್ಟು ಮೋಡ ಕವಿದದ್ದು ನೋಡಿಯೂ ಎತ್ತಿಡಲಿಲ್ಲ. ಹೊಸ್ತಿಲು ಇದೆಯಲ್ಲ ಎಂಬ ಧೈರ್ಯ.

ಗಾಳಿ ಬಂತು, ಎದುರು ಮನೆಯ ತಗಡು ಹಾರಿ ಬೀದಿಗೆ ಬಿತ್ತು, ಆಮೇಲೆ ಮಳೆ. ಬೀದಿ ಹೊಳೆಯಾಯಿತು. ಹೊಸ್ತಿಲಿಗೆ ಬಡಿದ ನೀರು ವಾಪಸು ಹೋಯಿತು. ನಾನೂ ನಿಮ್ಮಮ್ಮನೂ ಬಾಗಿಲಲ್ಲಿ ನಿಂತು ನೋಡಿ ನಕ್ಕೆವು. ಅಷ್ಟರಲ್ಲಿ ಕಾಲಿಗೆ ತಣ್ಣಗಾಯಿತು. ತಿರುಗಿದರೆ ಹಿಂದಿನಿಂದ, ಬಚ್ಚಲ ತೂತಿನಿಂದ, ಮೋರಿಯ ನೀರು ಬುಗುಬುಗು ಎಂದು ಉಕ್ಕುತ್ತಿದೆ. ಬೇಸಿನ್ ತೇಲಿ ಮಗುಚಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ಒಳಗೆ ಮಂಡಿಯವರೆಗೆ ನೀರು. ನಿಮ್ಮಮ್ಮನನ್ನು ಮಂಚದ ಮೇಲೆ ಹತ್ತಿಸಿದೆ.

ಮಳೆ ನಿಂತು ಅರ್ಧ ಗಂಟೆಯಲ್ಲಿ ಬೀದಿಯ ನೀರು ಇಳಿಯಿತು. ನಮ್ಮ ಮನೆಯೊಳಗಿನದು ಇಳಿಯಲಿಲ್ಲ. ನಾನು ಕಲಸಿಟ್ಟ ಹಿಟ್ಟೆಲ್ಲ ಹೋಗಿ ಬಚ್ಚಲ ತೂತಿಗೆ ಕೂತು, ಅಂಟಿನ ಪುಡಿ ನೀರು ಕುಡಿದು ಉಬ್ಬಿ, ಸಿಮೆಂಟು ಮೆತ್ತಿದ ಹಾಗೆ ಹಿಡಿದುಕೊಂಡಿತ್ತು. ಕೈ ಹಾಕಿದೆ, ಕಡ್ಡಿ ಹಾಕಿ ತಿವಿದೆ, ಜಗ್ಗಲಿಲ್ಲ. ಮುಂದೆ ನಾನೇ ಕಟ್ಟಿಸಿದ ಹೊಸ್ತಿಲು, ಹಿಂದೆ ನಾನೇ ಕಲಸಿದ ಹಿಟ್ಟು. ನಡುವೆ ನಮ್ಮ ಮನೆ ತೊಟ್ಟಿಯ ಹಾಗೆ ತುಂಬಿ ನಿಂತಿತ್ತು. ಬಕೆಟ್‌ನಲ್ಲಿ ಎತ್ತಿ ಎತ್ತಿ ಆಚೆ ಚೆಲ್ಲಿ ತೋಳು ಸೋತಿತು. ಪಕ್ಕದ ಅಕ್ಕ ಬಂದು ಇಣುಕಿ ಎದೆ ಬಡಿದುಕೊಂಡಳು.

"ನಿಂದು ಮಣ್ಣಿನ ಗೋಡೆ ಕಣಮ್ಮ! ಹಿಂಗೇ ನೀರು ನಿಂತ್ರೆ ಬೆಳಿಗ್ಗೆ ಹೊತ್ತಿಗೆ ಕೂತೋಯ್ತದೆ."

ಅದೇ ಹೊತ್ತಿಗೆ ಭಾವನವರ ಸ್ಕೂಟರ್ ಬಂತು. ಅದರ ಹಿಂದೆ ಒಂದು ಆಟೋ. ನಾನು ಅಭ್ಯಾಸಬಲದಿಂದ ಬಾಗಿಲ ಮರೆಗೆ ಸರಿದೆ, ಮಂಡಿಯವರೆಗಿನ ನೀರಿನಲ್ಲೇ.

"ಪಾಪು, ನಿಮ್ಮಮ್ಮನಿಗೆ ಹೇಳು," ಎಂದರು ಅವರು ಬೀದಿಯಲ್ಲಿ ನಿಂತು. "ಆಟೋ ತಂದಿದ್ದೀನಿ. ಬಟ್ಟೆ ಕಟ್ಕೊಂಡು ಹೊರಡಿ. ಮನೆ ತಗೊಳ್ಳೋದಕ್ಕೆ ಒಬ್ಬರ ಹತ್ರ ಮಾತಾಡಿದ್ದೀನಿ."

ನಾನು ಪಿಸುಗುಟ್ಟಿದೆ. ಮಂಚದ ಮೇಲಿಂದ ನಿಮ್ಮಮ್ಮ ಕೂಗಿದಳು: "ಅಮ್ಮ ಬರಲ್ವಂತೆ ದೊಡ್ಡಪ್ಪ!"

"ಬರಲ್ವಂತಾ? ಇನ್ನೇನು, ಒಳಗೆ ಮೀನು ಸಾಕ್ತಾಳಂತಾ?"

"ಅಮ್ಮ, ಮೀನು ಸಾಕ್ತೀಯಾ ಅಂತ ಕೇಳ್ತಿದಾರೆ," ಎಂದಳು ನಿಮ್ಮಮ್ಮ ನನಗೆ, ನನಗೆ ಕಿವಿಯೇ ಇಲ್ಲವೆಂಬಂತೆ. ಆಟೋದವನು ನಕ್ಕ. ಆ ನಗು ಕೇಳಿ ನನಗೆ ಮೈ ಉರಿಯಿತು.

"ಅಕ್ಕ," ಎಂದೆ, "ನಿಮ್ಮನೆ ಹಾರೆ ಕೊಡಿ."

"ಹಾರೆ ಯಾತಕ್ಕಮ್ಮ?"

"ಹೊಸ್ತಿಲಿಗೆ."

"ಅಯ್ಯೋ ಬ್ಯಾಡ ಕಣಮ್ಮ! ಶುಕ್ರವಾರ, ದೀಪ ಹಚ್ಚೋ ಹೊತ್ತು. ಲಕ್ಷ್ಮಿ ಕೂರೋ ಜಾಗ ಅದು. ಗಂಡ ಇಲ್ದೋಳು ಕೈಯಾರ ಒಡೆದ್ಬುಟ್ರೆ ಜನ ಏನಂತಾರೆ?"

"ಲಕ್ಷ್ಮಿಗೂ ಕಾಲು ನೆನೀತಾ ಇದೆ ಅಕ್ಕ. ಹಾರೆ ತನ್ನಿ."

ಗೊಣಗುತ್ತಲೇ ತಂದುಕೊಟ್ಟಳು. ನಾನು ಸೀರೆ ಎತ್ತಿ ಕಟ್ಟಿ, ಬಾಗಿಲ ಮರೆಯಿಂದ ಈಚೆ ಬಂದು, ಹೊಸ್ತಿಲ ಹತ್ತಿರ ನಿಂತೆ. ಭಾವನವರು ನನ್ನ ಮುಖ ನೋಡಿದರು. ನಾನೂ ಅವರ ಮುಖ ನೋಡಿದೆ. ಹತ್ತಿರದಿಂದ ನೋಡಿದರೆ ನಿಮ್ಮ ತಾತನ ಹಾಗೇ ಇದ್ದರು, ಮೂಗು ಮಾತ್ರ ದಪ್ಪ.

"ಭಾವ, ಒಂಚೂರು ಹಿಂದೆ ಸರೀರಿ," ಎಂದೆ. ನಾನು ಅವರಿಗೆ ಆಡಿದ ಮೊದಲನೆಯ ಮಾತು ಅದು.

ಅವರು ಸರಿಯಲಿಲ್ಲ. ನಾಲ್ಕು ಏಟಿಗೆ ಸಿಮೆಂಟು ಬಿರುಕು ಬಿಟ್ಟಿತು. ಇನ್ನೊಂದಿಷ್ಟು ಏಟಿಗೆ ಮಧ್ಯದ ಇಟ್ಟಿಗೆಗಳು ಕಳಚಿದವು. ಅಡಿಯಲ್ಲಿದ್ದ ಹಳೆಯ ಮರದ ಹೊಸ್ತಿಲು ನೀರು ಕುಡಿದು ಕೊಳೆತಿತ್ತು, ಅದೂ ಹಾರೆಯ ತುದಿಗೆ ಎದ್ದು ಬಂತು. ಕಟ್ಟೆ ಒಡೆದ ಹಾಗೆ ನೀರು ನುಗ್ಗಿತು. ಇದ್ದಿಲ ಕಪ್ಪು ನೀರು. ಭಾವನವರ ಬಿಳಿ ಪಂಚೆ ಮಂಡಿಯವರೆಗೆ ಕಪ್ಪಾಯಿತು, ಒಂದು ಚಪ್ಪಲಿ ತೇಲಿ ಹೋಯಿತು. ಆಟೋದವನೇ ಓಡಿ ಹಿಡಿದು ತಂದುಕೊಟ್ಟ.

"ಮನೆ ಮಾರಲ್ಲ ಭಾವ. ನಾನು ಬರಲ್ಲ," ಎಂದೆ. ದನಿ ನಡುಗಲಿಲ್ಲ. ಎಲ್ಲಿಂದ ಬಂತೋ ಆ ದನಿ, ಗೊತ್ತಿಲ್ಲ.

ಅವರು ಒದ್ದೆ ಚಪ್ಪಲಿ ಮೆಟ್ಟಿಕೊಂಡರು. ಆಮೇಲೆ ನಿಮ್ಮಮ್ಮನ ಕಡೆ ತಿರುಗಿ, "ನಿಮ್ಮಮ್ಮನಿಗೆ ಮಾತು ಬರುತ್ತೆ," ಎಂದು ಹೇಳಿ ಸ್ಕೂಟರ್ ಹತ್ತಿದರು.

ಗೋಡೆ ನಿಂತಿತು. ಆದರೆ ಆ ವರ್ಷ ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಹಸುವಿನ ಹಾಲು ಬತ್ತಿದರೂ, ನಾನು ಹೊಸ್ತಿಲು ಒಡೆದದ್ದೇ ಕಾರಣ ಎಂದರು. ಅನ್ನಲಿ ಎಂದು ಸುಮ್ಮನಿದ್ದೆ. ತಲೆ ತಗ್ಗಿಸಿಕೊಂಡು ಮಾತ್ರ ಓಡಾಡಲಿಲ್ಲ. ಅಕ್ಕನ ಯಜಮಾನರು ಬಾಗಿಲ ಎರಡೂ ಕಡೆ ಗಾರೆಯಲ್ಲಿ ಉದ್ದಕ್ಕೆ ಸೀಳು ಕೊರೆದು, ಹಳೇ ಕಾಲದ ಅಂಗಡಿಗಳಿಗೆ ಇರುತ್ತಿತ್ತಲ್ಲ, ಅಂಥ ಹಲಗೆಗಳನ್ನು ಮೇಲಿಂದ ಇಳಿಬಿಡುವ ಹಾಗೆ ಮಾಡಿಕೊಟ್ಟರು. ನೀರು ಬಂದರೆ ಇಳಿಸುವುದು, ಒಳಗೆ ನಿಂತರೆ ಎತ್ತಿಬಿಡುವುದು. ಬಚ್ಚಲ ತೂತಿಗೆ ಗೋಣಿ ಸುತ್ತಿದ ಮರದ ಬಿರಡೆ, ಅದರ ಮೇಲೆ ರುಬ್ಬುವ ಗುಂಡು. ಮುಂದಿನ ಮಳೆಯಲ್ಲಿ ಬಚ್ಚಲ ತೂತಿಗೆ ಮೋರಿಯ ಕಸ ಕಟ್ಟಿಕೊಂಡು ಉಳಿದವರ ಮನೆಗಳೂ ತೊಟ್ಟಿಯಾದವು. ಆಮೇಲೆ ಒಬ್ಬೊಬ್ಬರೇ ಬಂದು ಹಲಗೆಯ ಅಳತೆ ಕೇಳಿದರು. ಅವರೂ ತಾವು ಕಟ್ಟಿಸಿದ ಇಟ್ಟಿಗೆ ಒಡೆಸಿದರು, ಬುಧವಾರ ನೋಡಿಕೊಂಡು. ಮರದ ಹೊಸ್ತಿಲು ಮಾತ್ರ ಉಳಿಸಿಕೊಂಡರು. ನಾನು ಮತ್ತೆ ಹೊಸದು ಇಡಿಸಲಿಲ್ಲ. ಬೇಸಿಗೆ ಮುಗಿಯುವ ಮೊದಲು ಹೆಂಗಸರೆಲ್ಲ ಸಲಿಕೆ ಹಿಡಿದು ಮನೆ ಮುಂದಿನ ಚರಂಡಿಯ ಹೂಳು ತೆಗೆಯುವುದೂ ಅಲ್ಲಿಂದಲೇ ಶುರುವಾಯಿತು.

ಎರಡು ಸಾವಿರ ಇಸವಿ ದಾಟಿದ ಮೇಲೆ ಒಮ್ಮೆ ಅದಕ್ಕಿಂತ ದೊಡ್ಡ ಮಳೆ ಬಂತು. ನಿಮ್ಮಮ್ಮ ಆಗ ಕಾಲೇಜು. ಬೀದಿಯಲ್ಲಿ ಸೊಂಟದವರೆಗೆ ನೀರು, ಒಳಗೆ ಎರಡು ಗೋಣಿಯಲ್ಲಿ ಒರೆಸುವಷ್ಟು. ನೀರಿಳಿದ ಮೇಲೆ ಭಾವನವರು ಬಂದರು. ತಾವೇ ಹಲಗೆ ಎತ್ತಿಟ್ಟು ಒಳಗೆ ಬಂದು ಕೂತರು. ನಾನು ಎದುರಿಗೆ ಬಂದು ಕಾಫಿ ಕೊಟ್ಟೆ. "ಹಲಗೆ ಗಟ್ಟಿಯಾಗಿದೆ," ಎಂದರು. "ಹೂಂ," ಎಂದೆ. ಮನೆ ಮಾರುವ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

ನಾನು ಹೋದ ಮೇಲೆ ಈ ಮನೆಯನ್ನು ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು. ನಿಮಗೇ ಬೇಡವಾದರೆ ಮಾರಿ. ಬೇರೆ ಯಾರೋ ಆಟೋ ತಂದು ನಿಲ್ಲಿಸಿದರು ಎಂದು ಮಾತ್ರ ಹೊರಡಬೇಡಿ. ಈ ಹಾಳೆಗಳನ್ನು ಬೀರುವಿನ ಕೆಳಗಿನ ಅರೆಯಲ್ಲಿ ಇಡಬೇಡಿ, ಅಲ್ಲಿಗೆ ನೀರು ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಟ್ಟದ ಮೇಲಿಡಿ. ಅಲ್ಲಿಗೂ ಬಂದರೆ ಮೊದಲು ಇವನ್ನು ಎತ್ತಿಕೊಳ್ಳಿ, ಟೀವಿ ಆಮೇಲೆ.